ಪಾರ್ಸಲ್ ಬಂದ ದಿನವೇ ಆಸಕ್ತಿ ಹೋಯ್ತು: ನಿಮ್ಮ ಅಟ್ಟದ ಮೇಲೆ ಏನೇನಿದೆ?

ಅಟ್ಟದ_ಸಾಮಾನು, ದಾವಣಗೆರೆ

ಎಡಿಎಚ್‌ಡಿ (ಗಮನ ಹಿಡಿತಕ್ಕೆ ಸಿಗದಿರುವುದು, ಚಡಪಡಿಕೆ) ಇರುವವರಿಗೆ, ಆಟಿಸಂ ಇರುವವರಿಗೆ, ಎರಡೂ ಇರುವವರಿಗೆ ಒಂದು ಪ್ರಶ್ನೆ. ಒಟ್ಟಿನಲ್ಲಿ ನಮ್ಮಂಥ ನ್ಯೂರೋಡೈವರ್ಜೆಂಟ್ ಜನಕ್ಕೆ, ಅಂದರೆ ಮೆದುಳು ಹೆಚ್ಚಿನವರಿಗಿಂತ ಬೇರೆ ಥರ ಕೆಲಸ ಮಾಡುವವರಿಗೆ.

ಈಗ ನನಗೆ ಮೀನಿನ ತೊಟ್ಟಿಯ ಹುಚ್ಚು ಹತ್ತಿದೆ. ತೊಟ್ಟಿ ಇಲ್ಲ, ಮೀನೂ ಇಲ್ಲ. ಆದರೆ ಮೀನಿನ ಹೊಲಸಿನಿಂದ ಬರುವ ಅಮೋನಿಯ ಹೇಗೆ ನೈಟ್ರೈಟ್ ಆಗುತ್ತದೆ, ಅದು ಹೇಗೆ ನೈಟ್ರೇಟ್ ಆಗುತ್ತದೆ, ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ನೆಲೆಯಾಗಲು ಎಷ್ಟು ವಾರ ಬೇಕು, ಎಲ್ಲ ಬಾಯಿಪಾಠ. ರಾತ್ರಿ ಎರಡಾದರೂ ಫೋನ್ ಕೆಳಗಿಡಲು ಆಗುತ್ತಿಲ್ಲ. ಆಫೀಸಿನಲ್ಲಿ ಎಕ್ಸೆಲ್ ತೆರೆದು ಲೀಟರ್ ಲೆಕ್ಕ ಹಾಕುತ್ತಾ ಕೂತಿರುತ್ತೇನೆ.

ಇದಕ್ಕೆ ಮುಂಚೆ ಕ್ರೋಶಾ ಇತ್ತು. ಅದಕ್ಕೂ ಮುಂಚೆ ಇಂಕ್ ಪೆನ್ನು. ಅದಕ್ಕೂ ಮುಂಚೆ ಕುಂದವಾಡ ಕೆರೆಯ ಹಕ್ಕಿಗಳು. ಹಕ್ಕಿಗೆ ಅಂತ ತಂದ ಬೈನಾಕ್ಯುಲರ್ 8 ಪಟ್ಟು ಹತ್ತಿರ ತೋರಿಸುವಂಥದ್ದು, 42 ಮಿಲಿಮೀಟರಿನ ಗಾಜು. ಒಳ್ಳೆಯ ಮಾಲು. ಅಟ್ಟದ ಮೇಲಿದೆ.

ಒಂದು ವಿಚಿತ್ರ ಗಮನಿಸಿದ್ದೇನೆ. ಯಾವುದನ್ನು ಕೊಳ್ಳಬೇಕು ಅಂತ ಹುಡುಕುವಾಗ ಇರುವ ಸುಖ ಕೊಂಡ ಮೇಲೆ ಇರುವುದಿಲ್ಲ. ಪಾರ್ಸಲ್ ಬಂದ ದಿನವೇ ಹವ್ಯಾಸದ ತಿಥಿ. ಅವ್ವ ನೆಂಟರ ಮುಂದೆ 'ನಮ್ಮ ಆರಂಭಶೂರಿ' ಅಂತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ.

ತೊಟ್ಟಿ ಕೊಳ್ಳಲೋ ಬೇಡವೋ? ನೀವೆಲ್ಲ ಏನು ಮಾಡುತ್ತೀರಿ?

ಖಾರ_ಮಂಡಕ್ಕಿ, ದಾವಣಗೆರೆ

ಮೀನು ಒಂದು ಬೇಡ ಅಕ್ಕ. ಬೇರೆ ಏನು ಬೇಕಾದರೂ ಕೊಳ್ಳಿ. ಪೆನ್ನಿಗೆ ಊಟ ಹಾಕಬೇಕಿಲ್ಲ.

ನನ್ನ ತಮ್ಮ ಗಪ್ಪಿ ತಂದಿದ್ದ. ಗಪ್ಪಿ ಮೊಟ್ಟೆ ಇಡುವುದಿಲ್ಲ, ನೇರ ಮರಿ ಹಾಕುತ್ತದೆ, ಅದೂ ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ತಮ್ಮನ ಹುಚ್ಚು ಇಳಿಯುವಷ್ಟರಲ್ಲಿ ತೊಟ್ಟಿಯಲ್ಲಿ ಜನಗಣತಿ ಮಾಡಿಸಬೇಕು, ಹಾಗಾಗಿತ್ತು. ಈಗ ಅಪ್ಪಾಜಿ ನೋಡಿಕೊಳ್ಳುತ್ತಿದ್ದಾರೆ. ದಿನಾ ಬೆಳಿಗ್ಗೆ ಬೈದುಕೊಂಡೇ ಕಾಳು ಹಾಕುತ್ತಾರೆ. ತಮ್ಮ ಒಮ್ಮೆ 'ಕುಂದವಾಡ ಕೆರೆಗೆ ಬಿಟ್ಟುಬಿಡೋಣ' ಅಂದ. ಬೇಡವೇ ಬೇಡ. ಹೊರಗಿನ ಮೀನು ಕೆರೆಗೆ ಸೇರಿದರೆ ಅಲ್ಲಿನ ಮೀನಿಗೆ ತೊಂದರೆ. ಅದೂ ಊರಿಗೆ ಕುಡಿಯುವ ನೀರು ಕೊಡುವ ಕೆರೆ.

ದುರ್ಗದ_ಕಲ್ಲು, ಚಿತ್ರದುರ್ಗ

ನನ್ನದು ಖರ್ಚಿಲ್ಲದ ಹುಚ್ಚು. ಅದಕ್ಕೇ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಚಂದ್ರವಳ್ಳಿಗೆ ಸುಮ್ನೆ ಸುತ್ತಾಡೋಕೆ ಹೋಗಿದ್ದೆ. ಅಲ್ಲಿ ಮಯೂರಶರ್ಮನ ಬಂಡೆ ಶಾಸನ ಇದೆಯಲ್ಲ, ಕೆರೆ ಕಟ್ಟಿಸಿದ ವಿಷಯದ್ದು. ಎಷ್ಟೋ ಸಲ ಅದರ ಪಕ್ಕದಲ್ಲೇ ಹಾದುಹೋಗಿದ್ದೇನೆ. ಆ ದಿನ ಮಾತ್ರ ಇದನ್ನು ಓದಲೇಬೇಕು ಅನ್ನಿಸಿತು. ಮನೆಗೆ ಬಂದವನು ಊಟ ಮಾಡದೆ ಬ್ರಾಹ್ಮಿ ಅಕ್ಷರ ಕಲಿಯಲು ಕೂತೆ. ಅಶೋಕನ ಕಾಲದ ಬ್ರಾಹ್ಮಿ ನಿಜವಾಗಿ ಸುಲಭ. ಕ ಅಂದರೆ ಕೂಡಿಸುವ ಗುರುತು. ಠ ಅಂದರೆ ಸೊನ್ನೆ. ಅದೇ ಸೊನ್ನೆಯ ನಡುವೆ ಚುಕ್ಕೆ ಇಟ್ಟರೆ ಥ.

ಅಲ್ಲಿಂದ ಮೊಳಕಾಲ್ಮೂರು ತಾಲೂಕಿಗೆ ಜಿಗಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ನನ್ನ ನಿದ್ದೆ ಕೆಡಿಸಿದ್ದು ರಾಜನಲ್ಲ, ಲಿಪಿಕಾರ. ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ 'ಲಿಪಿಕರೇಣ' ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಅಂದರೆ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓದಬೇಕು. ನಮ್ಮ ಈ ಕಲ್ಲು ಕಾಡಿನಲ್ಲಿ ಅದನ್ನು ಯಾರು ಓದಬೇಕಿತ್ತು? ಯಾಕೆ ಬರೆದ? ಒಂದು ಇಡೀ ಬೇಸಿಗೆ ಈ ಒಂದು ಪದದಲ್ಲೇ ಕಳೆಯಿತು. ಹೆಂಡತಿ ತವರಿಂದ ಫೋನ್ ಮಾಡಿದರೆ ಅವಳಿಗೂ ಚಪಡನ ಕಥೆ.

ಆಮೇಲೆ ಒಂದು ಸೋಮವಾರ ಎದ್ದೆ. ಆಸಕ್ತಿ ಇರಲಿಲ್ಲ. ಬೇಜಾರಾಗಿ ಬಿಟ್ಟದ್ದಲ್ಲ, ಜಗಳ ಆಡಿ ಬಿಟ್ಟದ್ದಲ್ಲ. ಸುಮ್ನೆ ಇರಲಿಲ್ಲ.

ಖಾರ_ಮಂಡಕ್ಕಿ, ದಾವಣಗೆರೆ

ಚಪಡನೂ ನಮ್ಮವನೇ ಇರಬೇಕು ಅಣ್ಣ. ಆ ವಾರ ಖರೋಷ್ಠಿ ಹುಚ್ಚು ಹತ್ತಿತ್ತೇನೋ.

ಎಸ್ಸೆಸ್ಸೆಲ್ಸಿ_ಅಪ್ಪ, ದಾವಣಗೆರೆ

ತಪ್ಪು ತಿಳಿಯಬೇಡಿ. ಇದು ಎಲ್ಲರಿಗೂ ಇರುವುದೇ ಅಲ್ವಾ? ನಮ್ಮ ಕಾಲದಲ್ಲಿ ಅಂಚೆ ಚೀಟಿ ಕೂಡಿಸುತ್ತಿದ್ದೆವು, ಬಿಟ್ಟೆವು. ಅದಕ್ಕೆ ಯಾರೂ ಹೆಸರು ಇಡಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ.

ನನ್ನ ಮಗ ಹತ್ತನೇ ಕ್ಲಾಸು. ಕೀಬೋರ್ಡ್ ಕ್ಲಾಸಿಗೆ ಫೀಸು ಕಟ್ಟಿದೆ, ಬಿಟ್ಟ. ಕರಾಟೆ ಡ್ರೆಸ್ ಹೊಲಿಸಿದೆ, ಬಿಟ್ಟ. ಆಮೇಲೆ ರೂಬಿಕ್ಸ್ ಕ್ಯೂಬ್ ತಿರುಗಿಸಿದ್ದೇ ತಿರುಗಿಸಿದ್ದು. ಯಾವ ಸ್ಥಿತಿಯಲ್ಲಿದ್ದರೂ 20 ತಿರುವಿನೊಳಗೆ ಬಿಡಿಸಬಹುದು ಅಂತ 2010ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರಂತೆ, ಊಟದ ತಟ್ಟೆ ಮುಂದೆ ಅದೇ ಮಾತು. ಈಗ ಆ ಕ್ಯೂಬೂ ಮೂಲೆಗೆ ಬಿದ್ದಿದೆ. ಶಾಲೆಯವರು ಎಡಿಎಚ್‌ಡಿ ಇರಬಹುದು, ತೋರಿಸಿ ಅಂದರು. ತೋರಿಸಿದೆವು. ಹೌದು ಅಂದರು. ಆದರೆ ಕ್ಯೂಬ್ ಮೇಲೆ ಅಷ್ಟು ಗಮನ ಇಡುವವನಿಗೆ ಗಮನದ ತೊಂದರೆ ಅಂದರೆ ನಾನು ಹೇಗೆ ನಂಬಲಿ?

ಸಮಾಲೋಚಕಿ, ದಾವಣಗೆರೆ

ಸರ್, ಈ ಪ್ರಶ್ನೆಯನ್ನು ಹೆಚ್ಚುಕಡಿಮೆ ಪ್ರತಿಯೊಬ್ಬ ಅಪ್ಪ ಅಮ್ಮನೂ ಕೇಳುತ್ತಾರೆ. ಅಲ್ಲಿ ಗಮನವೇ ಇಲ್ಲ ಅಂತಲ್ಲ. ಎಲ್ಲಿ ಬೇಕೋ ಅಲ್ಲಿಗೆ, ಎಷ್ಟು ಬೇಕೋ ಅಷ್ಟು ಗಮನವನ್ನು ತಿರುಗಿಸುವುದು ಕಷ್ಟ. ಕ್ಯೂಬ್ ಸಿಕ್ಕರೆ ಅದರಿಂದ ಬಿಡಿಸಿಕೊಳ್ಳುವುದೂ ಅದೇ ಕಷ್ಟದ ಇನ್ನೊಂದು ಮುಖ.

ಈ ತಾತ್ಕಾಲಿಕ ಗೀಳಿಗೆ ಅಂತರ್ಜಾಲದಲ್ಲಿ ಹೈಪರ್‌ಫಿಕ್ಸೇಶನ್ ಅಂತಾರೆ. ಅದು ರೋಗನಿರ್ಣಯದ ಪಟ್ಟಿಯಲ್ಲಿ ಇಲ್ಲ. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಎಡಿಎಚ್‌ಡಿಗೆ ಗಮನಕ್ಕೆ ಸಂಬಂಧಿಸಿದ 9, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9 ಲಕ್ಷಣ ಕೊಟ್ಟಿದ್ದಾರೆ. ಹವ್ಯಾಸ ಬದಲಿಸುವುದು ಅದರಲ್ಲಿಲ್ಲ. ಹಾಗಾಗಿ ಅಂಚೆ ಚೀಟಿ ಬಿಟ್ಟವರೆಲ್ಲ ಎಡಿಎಚ್‌ಡಿ ಅಲ್ಲ, ನಿಮ್ಮ ಮಾತು ಅಷ್ಟರ ಮಟ್ಟಿಗೆ ಸರಿ. 12 ವರ್ಷಕ್ಕೆ ಮುಂಚೆಯೇ ಕೆಲವು ಲಕ್ಷಣ ಇತ್ತಾ, ಮನೆ ಶಾಲೆ ಎರಡೂ ಕಡೆ ತೊಂದರೆ ಇದೆಯಾ, ಇದನ್ನೆಲ್ಲ ನೋಡಿಯೇ ಹೇಳುತ್ತಾರೆ. ಮಗನ ವಿಷಯದಲ್ಲಿ ನೋಡಿಯೇ ಹೇಳಿರುತ್ತಾರೆ.

ಪಾರ್ಸಲ್ ವಿಷಯ ನನಗೆ ತುಂಬಾ ಇಷ್ಟವಾಯಿತು. ವುಲ್ಫ್‌ರಾಮ್ ಶುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳ ಮೇಲೆ ಮಾಡಿದ ಪ್ರಯೋಗ ಇದೆ. 1997ರಲ್ಲಿ ಅದರ ಬಗ್ಗೆ ಹೆಸರಾದ ಲೇಖನ ಬಂತು. ಕೋತಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ಹೊರಬಿಡುವ ಕೋಶಗಳು ಚುರುಕಾಗುತ್ತವೆ. ರಸಕ್ಕೆ ಮುಂಚೆ ಒಂದು ಸೂಚನೆ ಬರುತ್ತದೆ ಅಂತ ಕೋತಿ ಕಲಿತ ಮೇಲೆ, ಆ ಸೂಚನೆಗೇ ಚುರುಕಾಗುತ್ತವೆ. ರಸ ಬಂದಾಗ ಏನೂ ವಿಶೇಷ ಇಲ್ಲ. ಕೋತಿಯ ರಸಕ್ಕೂ ಕ್ರೋಶಾ ದಾರಕ್ಕೂ ನೇರ ಗಂಟು ಹಾಕಬಾರದು. ಆದರೂ ಹುಡುಕಾಟದ ಸುಖ ಕೊಂಡ ಮೇಲೆ ಇರುವುದಿಲ್ಲ ಅನ್ನುವವರ ಮಾತನ್ನು ನಾನು ಸೋಮಾರಿತನ ಅಂತ ತಳ್ಳಿಹಾಕುವುದಿಲ್ಲ. 'ಡೋಪಮೈನ್ ಖಾಲಿ' ಅಂತ ರೀಲ್ಸ್‌ನಲ್ಲಿ ಹೇಳುತ್ತಾರಲ್ಲ, ಅದು ಮಾತ್ರ ತೀರಾ ಸರಳ ಮಾಡಿದ ಮಾತು.

ಹರಿಹರ_ಪ್ಯಾಸೆಂಜರ್, ಹರಿಹರ

ಆಟಿಸಂ ಇರುವವನಾಗಿ ಹೇಳುತ್ತೇನೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನನ್ನ ಆಸಕ್ತಿ ರೈಲು. ಚಿಕ್ಕಂದಿನಿಂದ ಇದೆ, ಹೋಗಿಲ್ಲ, ಹೋಗುವುದೂ ಇಲ್ಲ. ದುರ್ಗದಿಂದ ದಾವಣಗೆರೆಗೆ ನೇರ ಹಳಿ ಇಲ್ಲದೆ ಚಿಕ್ಕಜಾಜೂರು ಜಂಕ್ಷನ್ ಸುತ್ತಿ ಹೋಗಬೇಕಾದದ್ದು, ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ಹೊಸ ಮಾರ್ಗದ ಕೆಲಸ ಹಿಡಿದದ್ದು, ಹರಿಹರದಿಂದ ಕೊಟ್ಟೂರಿಗೆ ಹೋಗುವ ಕವಲು. ಕೇಳಿ, ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ನಿಮಗೆ ಮನೆಯಲ್ಲಿ 'ಯಾಕೆ ಬಿಟ್ಟೆ' ಅಂತ ಬೈಗುಳ. ನನಗೆ 'ಇನ್ನೂ ಬಿಟ್ಟಿಲ್ವಾ' ಅಂತ ಬೈಗುಳ. ಇವರಿಗೆ ಎಷ್ಟು ವರ್ಷ ಇದ್ದರೆ ಸಮಾಧಾನವೋ ಗೊತ್ತಿಲ್ಲ.

ಸಮಾಲೋಚಕಿ, ದಾವಣಗೆರೆ

ಪ್ಯಾಸೆಂಜರ್ ಹೇಳಿದ್ದು ಸರಿ. ಆಟಿಸಂಗೆ ತೀವ್ರವಾದ, ಒಂದೇ ಕಡೆ ನೆಟ್ಟ ಆಸಕ್ತಿ ಪಟ್ಟಿಯಲ್ಲೇ ಇರುವ ಲಕ್ಷಣ. ಡೈನಾ ಮರ್ರೆ ಮತ್ತು ಅವರ ಇಬ್ಬರು ಜೊತೆಗಾರರು 2005ರಲ್ಲಿ ಬರೆದ ಮಾನೊಟ್ರಾಪಿಸಂ ಅನ್ನುವ ವಿಚಾರವೂ ಇದನ್ನೇ ವಿವರಿಸುತ್ತದೆ. ಗಮನ ಅನ್ನುವುದು ಅಳತೆಯ ಸರಕು, ಕೆಲವರಲ್ಲಿ ಅದು ಹತ್ತು ಕಡೆ ಹಂಚಿಹೋಗದೆ ಒಂದೆರಡು ಕಡೆಗೇ ಪೂರ್ತಿ ಹರಿಯುತ್ತದೆ ಅಂತ.

ಎರಡೂ ಇರುವವರ ಕಥೆ ಇನ್ನೂ ಗೋಜಲು. ಹಳೆಯ ನಿಯಮದಲ್ಲಿ ಒಬ್ಬರಿಗೆ ಎಡಿಎಚ್‌ಡಿ, ಆಟಿಸಂ ಎರಡೂ ಇದೆ ಅಂತ ಬರೆಯುವಂತೆಯೇ ಇರಲಿಲ್ಲ. 2013ರಲ್ಲಿ ಅದು ಬದಲಾಯಿತು. ಒಂದೇ ಆಸಕ್ತಿ ವರ್ಷಗಟ್ಟಲೆ ಉಳಿದು, ಅದರ ಸುತ್ತ ಸಣ್ಣ ಹುಚ್ಚುಗಳು ಬಂದು ಹೋಗುವವರೂ ನನ್ನ ಹತ್ತಿರ ಬರುತ್ತಾರೆ.

ಇನ್ನೊಂದು_ಕಡೆ, ದಾವಣಗೆರೆ

ನನಗೇನೂ ಇಲ್ಲ. ನನ್ನ ಯಜಮಾನರಿಗೆ ಎಡಿಎಚ್‌ಡಿ. ಇಲ್ಲಿ ಎಲ್ಲರೂ ನಗುತ್ತಾ ಬರೆಯುತ್ತಿದ್ದೀರಿ, ಓದಲು ಚೆನ್ನಾಗಿದೆ. ಮನೆಯೊಳಗೆ ಅಷ್ಟು ನಗು ಬರುವುದಿಲ್ಲ.

ಗೇರ್ ಸೈಕಲ್ ಬಂತು, ಬೆಳಿಗ್ಗೆ ಬೆಳಿಗ್ಗೆ ಕೊಂಡಜ್ಜಿ ತನಕ ಹೋಗಿ ಬರುತ್ತಿದ್ದರು. ಸೈಕಲ್ ನಿಂತುಹೋಯಿತು, ಕಂತು ನಿಲ್ಲಲಿಲ್ಲ. ಆಮೇಲೆ ಕಾಫಿ ಬೀಜ ಹುರಿಯುವ ಮಷೀನು. ಆಮೇಲೆ ಕೊಳಲು, ಬೇರೆ ಬೇರೆ ಶ್ರುತಿಯವು, ಒಂದು ಸಾಲದು ಅಂತ. ಕರೆಂಟ್ ಬಿಲ್ ಮೇಜಿನ ಮೇಲೇ ಇರುತ್ತದೆ, ಲೈನ್‌ಮನ್ ಬಂದು ಬಾಗಿಲು ಬಡಿದ ಮೇಲೆ ನೆನಪು.

ದುಡ್ಡಿಗೆ ಒಂದು ದಾರಿ ಮಾಡಿಕೊಂಡಿದ್ದೇವೆ. ಸಂಬಳ ಬಂದ ಕೂಡಲೇ ಒಂದು ಮೊತ್ತ ಬೇರೆ ಖಾತೆಗೆ ಹೋಗುತ್ತದೆ. ನಮ್ಮಲ್ಲಿ ಅದರ ಹೆಸರೇ ಹುಚ್ಚಿನ ಖಾತೆ. ಅದರಲ್ಲಿ ಇರುವಷ್ಟಕ್ಕೆ ಏನು ಬೇಕಾದರೂ ತರಲಿ, ನಾನು ಕೇಳುವುದಿಲ್ಲ. ಕಂತು ಮಾತ್ರ ಇಲ್ಲ. ಖಾತೆ ಖಾಲಿ ಇದ್ದರೆ ಹಳೆಯದನ್ನು ಮಾರಿ ತುಂಬಿಸಬೇಕು. ಕೊಳಲು ಹಾಗೇ ಹೋದವು. ಇದು ನಡೆಯುತ್ತಿದೆ.

ನಡೆಯದೇ ಇರುವುದು ಎರಡು. ಒಂದು ಹುಚ್ಚು ಇಳಿದು ಇನ್ನೊಂದು ಹತ್ತುವ ತನಕ ಅವರ ಮುಖ ನೋಡಲು ಆಗುವುದಿಲ್ಲ. ಊಟ ಸೇರುವುದಿಲ್ಲ, ಮಾತಿಲ್ಲ. ಆಗ ನಾನೇ 'ಏನಾದರೂ ಹೊಸದು ಶುರು ಮಾಡ್ರೀ' ಅನ್ನುವ ಹಾಗಾಗುತ್ತದೆ. ಇನ್ನೊಂದು, ಹುಚ್ಚು ಏರಿದಾಗ ಗಂಟೆಗಟ್ಟಲೆ ಅದನ್ನೇ ಮಾತಾಡುತ್ತಾರೆ. ನನ್ನ ದಿನ ಹೇಗಿತ್ತು ಅಂತ ಒಂದು ಮಾತು ಕೇಳುವುದಿಲ್ಲ. ಇದಕ್ಕೆ ಯಾವ ಖಾತೆ ತೆರೆಯಲಿ?

ದುರ್ಗದ_ಕಲ್ಲು, ಚಿತ್ರದುರ್ಗ

ಅಕ್ಕ, ನಿಮ್ಮ ಕೊನೆಯ ಸಾಲು ಹೆಂಡತಿಗೆ ಓದಿ ಹೇಳಿದೆ. 'ಚಪಡ' ಅಂದಳು. ಅಷ್ಟೇ ಅಂದಳು.

ಚಳ್ಳಕೆರೆ_ಕಂಬಳಿ, ಚಳ್ಳಕೆರೆ

ಆ ನಡುವಿನ ಖಾಲಿ ದಿನಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಬರೆದದ್ದಕ್ಕೆ ಥ್ಯಾಂಕ್ಸ್. ನನಗೆ ಆಗ ರಜೆಯ ದಿನ ಎದ್ದು ಕೂರುವುದೇ ದೊಡ್ಡ ಕೆಲಸ. ಹಳೆಯದಕ್ಕೆ ಮರಳಿ ಹೋಗೋಣ ಅಂದರೆ ಕೈ ಬರುವುದಿಲ್ಲ. ನನ್ನ ಟೆಲಿಸ್ಕೋಪ್ ಹಾಗೇ ನಿಂತಿದೆ. ಚಿಕ್ಕದೇ, 70 ಮಿಲಿಮೀಟರಿನದು. ಊರ ಹೊರಗೆ ಹೊಲದಲ್ಲಿಟ್ಟರೆ ಗುರುವಿನ ನಾಲ್ಕು ಚಂದ್ರರು ಸಾಲಾಗಿ ಕಾಣುತ್ತಾರೆ, ಶನಿಯ ಉಂಗುರವೂ ಕಾಣುತ್ತದೆ. ನೋಡಿದಾಗ ಕಣ್ಣಲ್ಲಿ ನೀರು ಬಂದಿತ್ತು. ಈಗ ಅದರ ಮೇಲೆ ಟವೆಲ್ ಒಣಗಿಸುತ್ತೇವೆ.

ಸಮಾಲೋಚಕಿ, ದಾವಣಗೆರೆ

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಯಾರನ್ನೂ ಹೆದರಿಸಲು ಅಲ್ಲ. ಎರಡು ಮೂರು ಗಂಟೆ ಮಾತ್ರ ಮಲಗಿದರೂ ದಿನಗಟ್ಟಲೆ ದಣಿವೇ ಆಗದಿರುವುದು, ಮಾತು ಎಂದಿಗಿಂತ ವೇಗವಾಗುವುದು, ಕೈಮೀರಿ ಖರ್ಚು, ತಾನು ಏನು ಬೇಕಾದರೂ ಮಾಡಬಲ್ಲೆ ಅನ್ನುವ ಭಾವ, ಇವೆಲ್ಲ ಒಟ್ಟಿಗೆ ಬಂದರೆ ಅದು ಹವ್ಯಾಸದ ಹುಚ್ಚಾಗಿರಲಿಕ್ಕಿಲ್ಲ. ಬೈಪೋಲಾರ್ ಕಾಯಿಲೆಯ ಏರಿನ ಹಂತ ಇರಬಹುದು. ನಡುವಿನ ಖಾಲಿತನ ವಾರಗಟ್ಟಲೆ ಊಟ ನಿದ್ದೆ ಕೆಡಿಸಿದರೂ ಅಷ್ಟೇ, ಮನೋವೈದ್ಯರನ್ನು ಕಾಣಬೇಕು. ಹೋಗಲು ಮುಜುಗರ ಅನ್ನುವವರು ಮೊದಲು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ನಿರ್ವಾಹಕ

ಯಾರೋ ಮಾತ್ರೆಯ ಹೆಸರು, ಡೋಸ್ ಕೇಳಿದ್ದರು. ಅಳಿಸಿದ್ದೇನೆ. ಅದನ್ನು ಡಾಕ್ಟರ ಹತ್ತಿರವೇ ಕೇಳಿ. ಉಳಿದ ಚರ್ಚೆ ಮುಂದುವರಿಯಲಿ.

ಖಾರ_ಮಂಡಕ್ಕಿ, ದಾವಣಗೆರೆ

ಕೊಳ್ಳದೆಯೂ ಹುಚ್ಚು ತೀರಿಸಿಕೊಳ್ಳಬಹುದು ಅಂತ ಹೇಳೋಕೆ ಬಂದೆ. ನನಗೊಮ್ಮೆ ಮಂಡಕ್ಕಿ ಹೇಗೆ ಅರಳುತ್ತದೆ ಅನ್ನುವ ಹುಳ ಹೊಕ್ಕಿತ್ತು. ಹುಟ್ಟಿದಾಗಿನಿಂದ ತಿಂದಿದ್ದೇನೆ, ಒಂದು ದಿನವೂ ಯೋಚಿಸಿರಲಿಲ್ಲ. ನೇರ ಮಂಡಕ್ಕಿ ಭಟ್ಟಿಗೆ ಹೋದೆ. ಹೊಗೆ, ಧಗೆ, ಕಾದ ಮರಳು. ಭತ್ತ ನೆನೆಸಿ, ಹುರಿದು, ಅಕ್ಕಿ ಮಾಡಿ, ಉಪ್ಪುನೀರು ಹಿಡಿಸಿ, ಕೊನೆಗೆ ಕಾದ ಮರಳಿಗೆ ಹಾಕಿದರೆ ಕಾಳಿನೊಳಗಿನ ತೇವ ಆವಿಯಾಗಿ ಒಳಗಿಂದ ಒತ್ತುತ್ತದೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಅರಳಿರುತ್ತದೆ. ತೇವ ಜಾಸ್ತಿಯಾದರೂ ಕೆಟ್ಟಿತು, ಕಮ್ಮಿಯಾದರೂ ಕೆಟ್ಟಿತು. ಆ ಹದವನ್ನು ಅಲ್ಲಿನವರು ಕೈಯಲ್ಲಿ ಮುಟ್ಟಿಯೇ ಹೇಳುತ್ತಾರೆ.

ಭಟ್ಟಿಯವರಿಗೆ ಮೊದಲು ನಗು. ಆಮೇಲೆ ನನಗೂ ಸೇರಿಸಿ ಚಹಾ ತರಿಸುತ್ತಿದ್ದರು. ಹುಚ್ಚು ಇಳಿದ ಮೇಲೆ ಹೋಗುವುದು ನಿಂತಿತು. ಅಟ್ಟದ ಮೇಲೆ ಏನೂ ಉಳಿಯಲಿಲ್ಲ, ಯಾರೂ ಬೈಯಲಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲು ಆ ಕೆಲಸ ಮಾಡುವವರ ಹತ್ತಿರ ಹೋಗಿ ಕೂರಬೇಕು. ಕೊಳ್ಳುವುದು ಕೊನೆಗೆ.

ಎಸ್ಸೆಸ್ಸೆಲ್ಸಿ_ಅಪ್ಪ, ದಾವಣಗೆರೆ

ಇದು ಒಪ್ಪುವ ಮಾತು. ಆದರೆ ಪೂರ್ತಿ ಮಾಡದೆ ಬಿಡುವುದನ್ನು ಅಭ್ಯಾಸ ಮಾಡಿಸಿದರೆ ಮುಂದೆ ಓದು, ಕೆಲಸ ಎಲ್ಲ ಹೀಗೇ ಆಗುವುದಿಲ್ಲವೇ? ಇದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಅಟ್ಟದ_ಸಾಮಾನು, ದಾವಣಗೆರೆ

ಸರ್, ಆಗುತ್ತದೆ. ಸುಳ್ಳು ಯಾಕೆ ಹೇಳಲಿ. ನನಗೆ ಓದಿನಲ್ಲೂ ಆಯಿತು, ಕೆಲಸದಲ್ಲೂ ಆಗುತ್ತಿದೆ. ಆದರೆ ಕರಾಟೆ ಬಿಡಲು ಬಿಟ್ಟದ್ದರಿಂದ ಗಣಿತ ಕೈಕೊಡುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎರಡೂ ಒಂದೇ ಬೇರಿನಿಂದ ಬಂದದ್ದು. ಗಣಿತಕ್ಕೆ ಬೇರೆ ಸಹಾಯ ಕೊಡಿಸಿ: ಸಣ್ಣ ಸಣ್ಣ ಭಾಗ ಮಾಡಿಕೊಡುವುದು, ಪಕ್ಕದಲ್ಲಿ ಯಾರಾದರೂ ಸುಮ್ನೆ ಕೂತಿರುವುದು, ಡಾಕ್ಟರು ಹೇಳಿದ ಚಿಕಿತ್ಸೆ. ಹವ್ಯಾಸದಲ್ಲಿ ಅವನಿಗೆ ಪಾಠ ಕಲಿಸಲು ಹೋದರೆ ಮುಂದಿನ ಸಲ ಹುಚ್ಚು ಹತ್ತಿದಾಗ ಅವನು ನಿಮಗೆ ಹೇಳುವುದಿಲ್ಲ, ಅಷ್ಟೇ ಆಗುವುದು. ನಾನು ಮನೆಯಲ್ಲಿ ಹೇಳುವುದು ಬಿಟ್ಟು ವರ್ಷಗಳಾದವು. ಪಾರ್ಸಲ್ ಆಫೀಸಿನ ವಿಳಾಸಕ್ಕೆ ತರಿಸುತ್ತೇನೆ.

ತೊಟ್ಟಿಯ ಬಗ್ಗೆ ಒಂದು ತೀರ್ಮಾನಕ್ಕೆ ಬಂದೆ. ಮೀನಿಲ್ಲದೆಯೇ ತೊಟ್ಟಿ ಹದ ಮಾಡುವ ಕ್ರಮ ಇದೆ. ನೀರು ತುಂಬಿ, ಫಿಲ್ಟರ್ ಓಡಿಸಿ, ಚಿಟಿಕೆ ಮೀನಿನ ಕಾಳು ಹಾಕಿ ಕೊಳೆಯಲು ಬಿಟ್ಟರೆ ಅಮೋನಿಯ ಹುಟ್ಟುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನನ್ನ ಹುಚ್ಚಿನ ಆಯಸ್ಸು ಹೆಚ್ಚುಕಡಿಮೆ ಅಷ್ಟೇ. ಅಷ್ಟು ದಿನ ಖಾಲಿ ನೀರು ನೋಡಿಕೊಂಡು ಆಸೆ ಉಳಿದರೆ ಮೀನು. ಇಲ್ಲದಿದ್ದರೆ ನೀರನ್ನು ಗಿಡಕ್ಕೆ ಚೆಲ್ಲುತ್ತೇನೆ, ಯಾವ ಜೀವಕ್ಕೂ ತೊಂದರೆ ಇಲ್ಲ. ಹೊಸ ತೊಟ್ಟಿ ಕೊಳ್ಳುವುದಿಲ್ಲ. ಯಾರ ಮನೆಯಲ್ಲಾದರೂ ಖಾಲಿ ಇದ್ದರೆ ಹೇಳಿ. ಬದಲಿಗೆ ಬೈನಾಕ್ಯುಲರ್, ಕ್ರೋಶಾ ಕಡ್ಡಿ, ಪೆನ್ನು, ಯಾವುದು ಬೇಕಾದರೂ.

ಖಾರ_ಮಂಡಕ್ಕಿ, ದಾವಣಗೆರೆ

ತಮ್ಮನ ಎರಡನೇ ತೊಟ್ಟಿ ಖಾಲಿ ಇದೆ. ಬೈನಾಕ್ಯುಲರ್ ನನಗೆ. ಭಾನುವಾರ ಬೆಳಿಗ್ಗೆ ಗಾಜಿನ ಮನೆ ಗೇಟ್ ಹತ್ತಿರ ಸಿಗೋಣ. ಕೊಟ್ಟದ್ದನ್ನು ವಾಪಸ್ ಕೇಳಬಾರದು, 'ಈಗ ಉಪಯೋಗಿಸುತ್ತಿದ್ದೀಯಾ' ಅಂತಲೂ ಕೇಳಬಾರದು.

ಇನ್ನೊಂದು_ಕಡೆ, ದಾವಣಗೆರೆ

ಭಾನುವಾರ ನಾವೂ ಬರುತ್ತೇವೆ. ಕಾಫಿ ಮಷೀನು ತರುತ್ತೇವೆ. ಅವರು ಖಾಲಿ ಕೈಯಲ್ಲಿ ವಾಪಸ್ ಬರಬೇಕು, ಯಾರೂ ಏನೂ ದಾಟಿಸಬೇಡಿ.

ಹರಿಹರ_ಪ್ಯಾಸೆಂಜರ್, ಹರಿಹರ

ನಾನು ಏನೂ ಕೊಡುವುದಿಲ್ಲ. ಸುಮ್ನೆ ನೋಡಲು ಬರುತ್ತೇನೆ.

ಎಸ್ಸೆಸ್ಸೆಲ್ಸಿ_ಅಪ್ಪ, ದಾವಣಗೆರೆ

ಮಗನಿಗೆ ಮೊನ್ನೆಯಿಂದ ನಕ್ಷತ್ರ ಶುರುವಾಗಿದೆ. ಟೆಲಿಸ್ಕೋಪ್ ಬೇಕಂತೆ. ಪರೀಕ್ಷೆ ಹತ್ತಿರ ಇದೆ, ನಾನು ಕೊಡಿಸುವುದಿಲ್ಲ. ಚಳ್ಳಕೆರೆಯವರು ಟವೆಲ್ ಬೇರೆ ಕಡೆ ಒಣಗಿಸಿಕೊಳ್ಳಲು ಆಗುತ್ತದೆಯೇ?

ಚಳ್ಳಕೆರೆ_ಕಂಬಳಿ, ಚಳ್ಳಕೆರೆ

ಆಗುತ್ತದೆ ಸರ್. ಭಾನುವಾರದ ಒಳಗೆ ತಲುಪಿಸುತ್ತೇನೆ. ಸ್ಟ್ಯಾಂಡಿನ ಒಂದು ಕಾಲು ಸಡಿಲ ಇದೆ, ಸ್ಕ್ರೂ ಕಳೆದಿದೆ. ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ ಅಂತ ಹುಡುಗನಿಗೆ ಮೊದಲೇ ಹೇಳಿ, ಕಣ್ಣು ಹೋಗುತ್ತದೆ.